ಐದು ವೋಲ್ಟಿನ ಬೀಗರೂಟ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಂದಲೇ ಹದ್ದುಬಸ್ತಿನಲ್ಲಿಡುತ್ತಾರೆ. ಅದೇ ಊರಾಚೆ, ಮೂವತ್ತು ಮೀಟರ್ ಮೇಲೇರಿದ ರಿಮೋಟಿನ ಥರ್ಮಾಕೋಲ್ ವಿಮಾನ ಆಲೂಗೆಡ್ಡೆ ಹೊಲಕ್ಕೆ ಮೂತಿ ತೂರಿಸುತ್ತದೆ. ತಪ್ಪೆಲ್ಲ ಗಾಳಿಯ ಮೇಲೆ. ಗಾಳಿಗೆ ಬಾಯಿಲ್ಲವಲ್ಲ.

ಎಷ್ಟೋ ಸಲ ನಿಜವಾದ ಕಳ್ಳ ಮೂರು ಕಾಲಿನ 7805, ವೋಲ್ಟೇಜನ್ನು ಐದಕ್ಕೆ ಇಳಿಸುವ ಪುಟ್ಟ ರೆಗ್ಯುಲೇಟರ್. ಮೂರು ಸೆಲ್ಲಿನ ಲೈಪೋ ಬ್ಯಾಟರಿ ಪೂರ್ತಿ ಚಾರ್ಜ್ ಆದರೆ 12.6 ವೋಲ್ಟ್, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ರೆಕ್ಕೆ-ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳಿಗೆ ಬೇಕಾದ್ದು 5. ಮಿಕ್ಕ 7.6 ವೋಲ್ಟನ್ನು ಈ ಮಹಾಶಯ ಕಾವು ಮಾಡಿ ಕಳೆಯುತ್ತಾನೆ. ಒಂದು ಆಂಪ್ ಎಳೆದರೆ ಕೆಲಸಕ್ಕೆ 5 ವ್ಯಾಟ್, ಕಾವಿಗೆ 7.6. ಮದುವೆಗಿಂತ ಬೀಗರೂಟದ್ದೇ ಖರ್ಚು ಜಾಸ್ತಿ! ಹೀಟ್‌ಸಿಂಕ್ ಇಲ್ಲದೆ, ಫೋಮಿನ ಹೊಟ್ಟೆಯೊಳಗೆ ಕೂತು ಅಕ್ಕಿರೊಟ್ಟಿ ಕಾವಲಿಯಂತೆ ಕಾದಾಗ ಒಳಗಿನ ರಕ್ಷಣೆ ಕೆಲಸ ಮಾಡಿ ಕರೆಂಟ್ ಬಂದ್. ವಿಮಾನ ನೆಲಕ್ಕೆ. "ಸಾಲು ತುಳೀಬೇಡ್ರಪ್ಪೋ!" ಅಂತ ಹೊಲದವರು ಕೂಗುತ್ತಿರುವಾಗ ಹೋಗಿ ಎತ್ತಿಕೊಳ್ಳುವ ಹೊತ್ತಿಗೆ 7805 ತಣ್ಣಗಾಗಿ, ಮೀಟರಿಗೆ 5.0 ತೋರಿಸಿ, ಏನೂ ಅರಿಯದ ಹಸುಗೂಸು.

ಒಂಬತ್ತು ಗ್ರಾಂ ಸರ್ವೋ ತಿರುಗಲಾರದೆ ಸಿಕ್ಕಿಕೊಂಡರೆ 0.7 ಆಂಪ್ ಆಸುಪಾಸು ಎಳೆಯುತ್ತದೆ. ನಾಲ್ಕಕ್ಕೆ 2.8. ಹಾಗಾಗಿ 7805 ಬದಲು ಸ್ವಿಚಿಂಗ್ ಮಾದರಿಯ (ಮಿಕ್ಕ ವೋಲ್ಟನ್ನು ಕಾವು ಮಾಡದೆ ಇಳಿಸುವ) ಯುಬಿಇಸಿ ಎಂಬ ಪುಟ್ಟ ಬೋರ್ಡ್ ತೆಗೆದುಕೊಳ್ಳಿ, ಸತತವಾಗಿ 3 ಆಂಪ್ ಕೊಡುವಂಥದ್ದು. 5 ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಡಬ್ಬದ ದಪ್ಪಕ್ಷರ ಪೀಕ್ ಲೆಕ್ಕವಾಗಿರಬಹುದು, ಸಣ್ಣಕ್ಷರ ಓದಿ. ಶೇ. 85 ದಕ್ಷತೆಯಿದ್ದರೆ 15 ವ್ಯಾಟ್ ಕೊಡುವಾಗಲೂ ಕಾವಿಗೆ ಹೋಗುವುದು ಮೂರು ವ್ಯಾಟಿನೊಳಗೆ. ರಿಸೀವರಿನ ಆಂಟೆನಾದಿಂದ ದೂರವಿಡಿ, ಅದು ರೇಡಿಯೋ ಸಂಕೇತ ಕೆಡಿಸುವ ಗಲಾಟೆ ಗಿರಾಕಿ.

ಮೋಟಾರಿನ ವೇಗ ಹಿಡಿತದಲ್ಲಿಡುವ ಇಎಸ್‌ಸಿಯೊಳಗೂ ಒಂದು ಬಿಇಸಿ (ಅದೇ ತರ ವೋಲ್ಟ್ ಇಳಿಸುವ ಸರ್ಕ್ಯೂಟ್) ಇದ್ದರೆ ಎರಡೂ ಒಟ್ಟಿಗೆ ಬೇಡ. ಜೋಡೆತ್ತಿನಲ್ಲಿ 5.1 ವೋಲ್ಟಿನದು ಎಳೆಯುತ್ತದೆ, 5.0 ವೋಲ್ಟಿನದು ಮೇಯುತ್ತದೆ. ಇಎಸ್‌ಸಿ ಕನೆಕ್ಟರಿನ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಮೆಲ್ಲಗೆ ಎತ್ತಿ, ನಡುವಿನ ಕೆಂಪು ತಂತಿಯ ಪಿನ್ ಎಳೆದು ಟೇಪ್ ಸುತ್ತಿ. ಕಪ್ಪನ್ನು ಮಾತ್ರ ಮುಟ್ಟಬೇಡಿ.

ಆಮೇಲೆ ಪ್ರೊಪೆಲ್ಲರ್ ಬಿಚ್ಚಿಟ್ಟು, ರಿಸೀವರಿನ ಖಾಲಿ ಚಾನೆಲ್ಲಿಗೆ (ಏನೂ ಸಿಕ್ಕಿಸದ ಕಿಂಡಿಗೆ) ಮೀಟರ್ ಹಿಡಿದು, ಎರಡು ನಿಮಿಷ ರಿಮೋಟಿನ ಎರಡೂ ಸ್ಟಿಕ್ ಗರಗರ ತಿರುಗಿಸಿ. 4.8ಕ್ಕಿಂತ ಇಳಿದರೆ ಅವತ್ತು ಹಾರಾಟವಿಲ್ಲ. ಮೀಟರಿನ ಕಣ್ಣಿಗೆ ಬೀಳದ ಕ್ಷಣಮಾತ್ರದ ಕುಸಿತಕ್ಕೆ 10 ವೋಲ್ಟಿನ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಅದೇ ಚಾನೆಲ್ಲಿಗೆ ಸಿಕ್ಕಿಸಬಹುದು. ಪಟ್ಟಿಯಿರುವ ಕಾಲು ಕಪ್ಪು ತಂತಿಯ ಕಡೆ. ಉಲ್ಟಾ ಹಾಕಿದರೆ ಉಬ್ಬಿ ಒಡೆಯುತ್ತದೆ, ಅಡುಗೆಮನೆಯಿಂದ "ಈಗೇನ್ರೀ ಸುಟ್ರಿ?" ಅಂತ ದನಿ ಬರುತ್ತದೆ.