ಫೋಟೋದ ಹಿಂಬದಿ

ಎರಡು ವರ್ಷದ ಹಿಂದೆ ನಮ್ಮಜ್ಜಿಯ ಒಂದು ಫೋಟೋವನ್ನು ಇಲ್ಲಿ ಹಾಕಿದ್ದೆ. ಸ್ಟುಡಿಯೋದಲ್ಲಿ ತೆಗೆಸಿದ್ದು. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ, ಮಡಿಲಲ್ಲಿ ಒಂದು ಪುಸ್ತಕ, ಹಿಂದೆ ಬಣ್ಣ ಬಳಿದ ಪರದೆ. ಅಜ್ಜಿ ಆಗ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಹಿಂಬದಿಯಲ್ಲಿ ತಾತ ಇಂಕಿನಲ್ಲಿ 1948 ಅಂತ ಬರೆದಿದ್ದಾರೆ.

ಕಳೆದ ತಿಂಗಳು ಅದೇ ಫೋಟೋ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂತು. "ಇದು ನಮ್ಮಮ್ಮ ಅಲ್ವೇನೇ?" ಅಂತ ಚಿಕ್ಕಮ್ಮ ಕೇಳಿದ್ದರು. ಮೂಲೆಯಲ್ಲಿ ಯಾವುದೋ ಪೇಜಿನ ವಾಟರ್‌ಮಾರ್ಕ್. ಕೆಳಗೆ "ಮೈಸೂರು ಅರಮನೆಯ ರಾಣಿ, 1910" ಅನ್ನುವ ಬರಹ. ಸ್ಟುಡಿಯೋದ ಹೆಸರಿದ್ದ ಅಂಚನ್ನು ಕತ್ತರಿಸಿಬಿಟ್ಟಿದ್ದರು. ಆ ಪೇಜಿನವರಿಗೆ ಮೆಸೇಜ್ ಮಾಡಿದೆ. "ಹಳೇ ಫೋಟೋಗೆಲ್ಲ ಕಾಪಿರೈಟ್ ಇರಲ್ಲ ಮೇಡಂ, ಗೂಗಲ್‌ನಲ್ಲಿ ಸಿಕ್ತು" ಅಂದರು.

ಆ ಉತ್ತರ ಇನ್ನೂ ನನ್ನನ್ನು ಕೊರೆಯುತ್ತಿದೆ. ಯಾಕೆಂದರೆ ತುಂಬ ಜನ ಹೀಗೇ ನಂಬಿದ್ದಾರೆ.

ಮೊದಲು ಕಾನೂನಿನ ಮಾತು. ಹಳೆಯದು ಅಂದ ಮಾತ್ರಕ್ಕೆ ಫೋಟೋ ಎಲ್ಲರದ್ದೂ ಆಗುವುದಿಲ್ಲ. 2012ರ ತಿದ್ದುಪಡಿಯ ನಂತರ ನಮ್ಮ ದೇಶದಲ್ಲಿ ಫೋಟೋದ ಕಾಪಿರೈಟ್ ಅದನ್ನು ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೆ ಮತ್ತೆ 60 ವರ್ಷ ಇರುತ್ತದೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರು ತೀರಿಕೊಂಡಿದ್ದು 2009ರಲ್ಲಿ. ಅವರ ಎಷ್ಟೋ ಚಿತ್ರಗಳ ಹಕ್ಕು ಇನ್ನೂ ಹಲವು ದಶಕ ಉಳಿದಿರುತ್ತದೆ. ಇನ್ನೊಂದು ವಿಷಯ ನನಗೂ ಇತ್ತೀಚೆಗಷ್ಟೇ ತಿಳಿಯಿತು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಹಾಗಂತ ತೆಗೆದವರ ಹೆಸರನ್ನು ಅಳಿಸಬಹುದು ಅಂತಲ್ಲ. ಹಕ್ಕನ್ನು ಮಾರಿದ ಮೇಲೂ "ಇದು ನಾನು ತೆಗೆದಿದ್ದು" ಎಂದು ಹೇಳುವ ಅಧಿಕಾರ ಅವರಿಗೆ ಇದ್ದೇ ಇರುತ್ತದೆ.

ಸರಿ, ಕಾಪಿರೈಟ್ ಮುಗಿದೇ ಹೋಗಿದೆ ಅಂದುಕೊಳ್ಳಿ. ಎಲ್ಲಿಂದ ಬಂತು ಅಂತ ಹೇಳುವುದಕ್ಕೇನು ಕಷ್ಟ?

ಲಿನೇಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರಿನ ದೇವಸ್ಥಾನಗಳ ಫೋಟೋ ತೆಗೆದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ತೆಗೆದರು. ಆಗ ನೆಗೆಟಿವ್ ಅಂದರೆ ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದ. ಕ್ಯಾಮೆರಾ, ರಾಸಾಯನಿಕ ಎಲ್ಲ ಹೊತ್ತುಕೊಂಡು ಆ ಬಂಡೆಗಳ ನಡುವೆ ಓಡಾಡಬೇಕಿತ್ತು. ಆ ಚಿತ್ರಗಳನ್ನು ತೆಗೆದವರು ಯಾರು, ಯಾವ ವರ್ಷ ಅನ್ನುವ ವಿವರ ಉಳಿದಿತ್ತು. ಅದರಿಂದಲೇ 1983ರಲ್ಲಿ ಜಾನ್ ಗಾಲಿಂಗ್ಸ್ ಹಂಪಿಯ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದಾಗ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಷ್ಟು ವರ್ಷಗಳಲ್ಲಿ ಏನೇನು ಬಿದ್ದಿದೆ, ಏನನ್ನು ಕಟ್ಟಿದ್ದಾರೆ ಅಂತ ಹೇಳಲು ಆಯಿತು. ಇವತ್ತು ಗ್ರೀನ್‌ಲಾ ಚಿತ್ರಗಳು "ಹಂಪಿಯ ಅಪರೂಪದ ಫೋಟೋ, ಶೇರ್ ಮಾಡಿ" ಅಂತ ಸುಮ್ನೆ ಓಡಾಡುತ್ತಿವೆ. ಹೆಸರೂ ಇಲ್ಲ, ವರ್ಷವೂ ಇಲ್ಲ.

ಮೂಲ ಕಳೆದುಹೋದರೆ ಸುಳ್ಳು ಅಂಟಿಕೊಳ್ಳುವುದು ಬಹಳ ಸುಲಭ. "ಟಿಪ್ಪು ಸುಲ್ತಾನನ ನಿಜವಾದ ಫೋಟೋ" ನಿಮಗೂ ಬಂದಿರುತ್ತದೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತಿದ್ದು 1799ರಲ್ಲಿ. ಪ್ಯಾರಿಸ್‌ನಲ್ಲಿ ಫೋಟೋ ತೆಗೆಯುವ ವಿಧಾನವನ್ನು ಜಗತ್ತಿಗೆ ತಿಳಿಸಿದ್ದು 1839ರಲ್ಲಿ. ಆ ಫೋಟೋದಲ್ಲಿ ಇರುವವನು ಜಂಜಿಬಾರ್‌ನ ಟಿಪ್ಪು ಟಿಪ್ ಎಂಬ ಗುಲಾಮರ ವ್ಯಾಪಾರಿ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಎಲುಬು ಕಾಣುವ ಹೆಂಗಸರು, ಮಕ್ಕಳು ಸಾಲಾಗಿ ಕೂತಿರುವ ಕೆಲವು ಚಿತ್ರಗಳನ್ನು 1943ರ ಬಂಗಾಳದ ಬರಗಾಲ ಅಂತ ಪ್ರತಿ ವರ್ಷ ಹಂಚುತ್ತಾರೆ. ಅವು 1876–78ರ ಬರದ ಚಿತ್ರಗಳು, ಮದ್ರಾಸ್ ಸೇನೆಯ ಅಧಿಕಾರಿ ಹೂಪರ್ ತೆಗೆದವು. ಅಂದರೆ ನಮ್ಮ ಮೈಸೂರು ಸೀಮೆಯನ್ನೂ ಹಿಂಡಿದ ಧಾತು, ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ಕ್ಕೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಹಸಿದವರಿಗೆ ಉಳಿದಿದ್ದ ಗುರುತು ಅಂದರೆ ಆ ಕಾಲ, ಆ ಸೀಮೆ. ತಪ್ಪು ವಿವರ ಹಾಕಿ ನಾವು ಅದನ್ನೂ ಕಿತ್ತುಕೊಂಡಿದ್ದೇವೆ.

"ಕೃಪೆ: ಅಂತರ್ಜಾಲ" ಅಂತ ಹಾಕುವುದನ್ನು ದಯವಿಟ್ಟು ಬಿಡೋಣ. ಅಂತರ್ಜಾಲ ಯಾವ ಫೋಟೋವನ್ನೂ ತೆಗೆದಿಲ್ಲ. ಗೂಗಲ್ ಲೆನ್ಸ್‌ಗೆ ಫೋಟೋ ಹಾಕಿದರೆ ಎಷ್ಟೋ ಸಲ ಬ್ರಿಟಿಷ್ ಲೈಬ್ರರಿಯ ಪುಟವೋ, ಬಾಸೆಲ್ ಮಿಷನ್ ಸಂಗ್ರಹದ ಪುಟವೋ ಸಿಗುತ್ತದೆ. ಅಲ್ಲಿ ಹೆಸರು, ವರ್ಷ, ಊರು ಇರುತ್ತದೆ. ಅದನ್ನು ನೋಡಿ ಒಂದು ಸಾಲು ಬರೆದರೆ ಆಯಿತು. ಎಷ್ಟು ಹುಡುಕಿದರೂ ಸಿಗದಿದ್ದರೆ "ತೆಗೆದವರು ಗೊತ್ತಿಲ್ಲ, ಇಂಥವರ ಪೋಸ್ಟ್‌ನಿಂದ ತೆಗೆದುಕೊಂಡಿದ್ದು" ಅಂತ ಬರೆಯಿರಿ. ನೋಡಿದವರಲ್ಲಿ ಯಾರಿಗಾದರೂ ಗೊತ್ತಿರಬಹುದು, ಅವರು ಬಂದು ಹೇಳುತ್ತಾರೆ. ಮನೆಯ ಆಲ್ಬಮ್ಮಿನ ಫೋಟೋ ಸ್ಕ್ಯಾನ್ ಮಾಡುವವರಿಗೆ ಒಂದು ಕೋರಿಕೆ: ಅಂಚು ಕತ್ತರಿಸಬೇಡಿ. ಸ್ಟುಡಿಯೋದ ಮುದ್ರೆ, ಊರು, ಕೆಲವು ಸಲ ನೆಗೆಟಿವ್ ನಂಬರ್, ಎಲ್ಲ ಅಲ್ಲೇ ಇರುತ್ತದೆ.

ಆ ಪೇಜಿನವರು ಮತ್ತೆ ಉತ್ತರಿಸಲಿಲ್ಲ. ಅಜ್ಜಿ ಅಲ್ಲಿ ಇನ್ನೂ ರಾಣಿಯಾಗಿಯೇ ಇದ್ದಾರೆ. ಪಾಠ ಹೇಳಿ, ಸಂಬಳ ತಂದು, ಐದು ಮಕ್ಕಳನ್ನು ಓದಿಸಿದ ಹೆಂಗಸು ಅವರು. ಅದಕ್ಕೇ ಇವತ್ತು ಫೋಟೋವನ್ನು ಮತ್ತೆ ಹಾಕುತ್ತಿದ್ದೇನೆ. ಮೊದಲನೆಯದು ಅಂಚಿನ ಸಮೇತ ಪೂರ್ತಿ ಫೋಟೋ. ಎರಡನೆಯದು ಹಿಂಬದಿ, ತಾತನ ಅಕ್ಷರ.