ಬ್ಯಾಗ್ ಮೇಲಿನ ದೊಡ್ಡ ನಂಬರ್ ನಂಬ್ಕೊಂಡು ಹಿಮಾಲಯ ಹತ್ಬೇಡಿ

ಸ್ಲೀಪಿಂಗ್ ಬ್ಯಾಗ್ ಮಾರೋರ ಮೇಲೆ ನಂಗೆ ಬಂದಿರೋ ಸಿಟ್ಟು ನಿನ್ನೆಯಿಂದ ಇಳಿದಿಲ್ಲ. ಬರೆದು ಮುಗಿಸಿದ್ರೇನೇ ಸಮಾಧಾನ. ಉದ್ದ ಆಗುತ್ತೆ, ಡಿಸೆಂಬರ್ ಜನವರೀಲಿ ಟ್ರೆಕ್‌ಗೆ ಹೊರಟಿರೋ ಹೆಣ್ಣುಮಕ್ಕಳಾದ್ರೂ ದಯವಿಟ್ಟು ಪೂರ್ತಿ ಓದಿ.

ತೀರ್ಥೋದ್ಭವಕ್ಕೆ ಅಂತ ನಾದಿನಿ ಮಗಳು ಬೆಂಗಳೂರಿಂದ ಬಂದಿದ್ಲು. ಡಿಸೆಂಬರಲ್ಲಿ ಫ್ರೆಂಡ್ಸ್ ಜೊತೆ ಉತ್ತರಾಖಂಡದ ಕೇದಾರಕಾಂತ ಶಿಖರಕ್ಕೆ ಹೋಗ್ತಿದ್ದಾಳೆ, ಅದಕ್ಕೆ ಹೊಸ ಡೌನ್ ಬ್ಯಾಗ್, ಅಂದ್ರೆ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ತಗೊಂಡಿದ್ದಾಳೆ, ನಂಗೆ ತೋರಿಸೋಕೆ ಅಂತಾನೇ ಹೊತ್ಕೊಂಡು ಬಂದಿದ್ಲು. "ಅತ್ತೆ ನೋಡಿ, ಮುಕ್ಕಾಲು ಕೇಜಿ ಅಷ್ಟೇ, ಮೈನಸ್ 20 ತನಕ ಆಗುತ್ತಂತೆ" ಅಂದ್ಲು. ಮುಖದ ತುಂಬಾ ಖುಷಿ ಪಾಪ. ಮೊದಲ ಸಂಬಳದ ಉಳಿತಾಯದಲ್ಲಿ ತಗೊಂಡಿರೋದು.

ನಾನು ಬ್ಯಾಗ್ ಬಿಚ್ಚಿ ಒಳಗಡೆ, ಕಾಲಿನ ಹತ್ರ ಹೊಲಿದಿರೋ ಬಿಳಿ ಲೇಬಲ್ ಹುಡುಕ್ದೆ. ಕನ್ನಡಕ ಹಾಕ್ಕೊಂಡೇ ಓದ್ಬೇಕು, ಅಷ್ಟು ಸಣ್ಣ ಅಕ್ಷರ. ಕಂಫರ್ಟ್ 2 ಡಿಗ್ರಿ. ಲಿಮಿಟ್ ಮೈನಸ್ 4. ಎಕ್ಸ್‌ಟ್ರೀಮ್ ಮೈನಸ್ 20. ಹೊರಗಡೆ ಚೀಲದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿರೋದು ಮೈನಸ್ 4. ಮಾರಿದವನು ಬಾಯಲ್ಲಿ ಹೇಳಿರೋದು ಮೈನಸ್ 20. ಈ ಹುಡುಗೀಗೆ ಸೇರಿದ ನಂಬರ್ ಯಾವುದು ಗೊತ್ತಾ, ಯಾರೂ ಬಾಯಿಬಿಡದ ಆ 2 ಡಿಗ್ರಿ. ಸೊನ್ನೆಗಿಂತ ಮೇಲೆ!

ಗೊತ್ತಿಲ್ದೋರಿಗೆ ಹೇಳ್ತೀನಿ. ಈ ನಂಬರ್‌ಗಳು ಕಂಪನಿಯವರು ಮನಸ್ಸಿಗೆ ಬಂದಂಗೆ ಬರೆಯೋದಲ್ಲ, ಅದಕ್ಕೊಂದು ಯುರೋಪಿನ ಸ್ಟ್ಯಾಂಡರ್ಡ್ ಇತ್ತು, ಇಎನ್ 13537 ಅಂತ, 2016ರಲ್ಲಿ ಅದು ಐಎಸ್‌ಒ 23537 ಆಯ್ತು. ಲ್ಯಾಬಲ್ಲಿ ಬಿಸಿಯಾಗೋ ಒಂದು ಗೊಂಬೆಗೆ ಒಳಉಡುಪು ಹಾಕ್ಸಿ, ಮ್ಯಾಟ್ ಮೇಲೆ ಬ್ಯಾಗೊಳಗೆ ಮಲಗಿಸಿ ಅಳೀತಾರೆ. ಅದರಿಂದ ಲೆಕ್ಕ ಹಾಕಿ ಕಂಫರ್ಟ್ ಅಂತ ಕೊಡೋದು 25 ವರ್ಷದ, 60 ಕೇಜಿಯ ಹೆಣ್ಣು ಕೈಕಾಲು ಸಡಿಲ ಬಿಟ್ಟು ಮಲಗಿದ್ರೆ ಚಳಿ ಅನ್ನಿಸದ ಉಷ್ಣಾಂಶ. ಲಿಮಿಟ್ ಅನ್ನೋದು 25 ವರ್ಷದ, 73 ಕೇಜಿಯ ಗಂಡಸು ಮುದುಡ್ಕೊಂಡು ಮಲಗಿ ಹೇಗೋ ತಡ್ಕೊಳ್ಳೋ ಉಷ್ಣಾಂಶ. ಇನ್ನು ಎಕ್ಸ್‌ಟ್ರೀಮ್ ಅಂದ್ರೆ ಆ ಹೆಣ್ಣು ಆರು ಗಂಟೆ ಹೊತ್ತು ಚಳಿಗೆ ಸಾಯದೆ ಉಳೀಬಹುದು ಅನ್ನೋ ಲೆಕ್ಕ. ನಿದ್ದೆ ಮಾತಿರಲಿ, ಕೈಕಾಲು ಬೆರಳು ಮರಗಟ್ಟಿ ಹೋದ್ರೂ ಆ ಲೆಕ್ಕದಲ್ಲಿ ಪಾಸೇ. ಜೀವ ಉಳಿಯೋ ನಂಬರ್ ತಗೊಂಡು ಒಬ್ಳು ಹುಡುಗೀಗೆ "ಆರಾಮಾಗಿ ನಿದ್ದೆ ಮಾಡ್ಬಹುದು ಮೇಡಂ" ಅಂತ ಹೇಳೋರಿಗೆ ಏನನ್ಬೇಕು ನೀವೇ ಹೇಳಿ.

ನಮ್ಮಲ್ಲಿ ಚಳಿ ಅಂದ್ರೆ ಮಡಿಕೇರೀಲಿ ಜನವರಿ ರಾತ್ರಿ ಹತ್ತು ಹನ್ನೆರಡು ಡಿಗ್ರಿ ಆಸುಪಾಸು, ಅಷ್ಟಕ್ಕೇ ನಾವು ಒಲೆ ಬಿಟ್ಟು ಏಳಲ್ಲ. ತಡಿಯಂಡಮೋಳ್ 1748 ಮೀಟರ್, ಕೊಡಗಲ್ಲಿ ಅದಕ್ಕಿಂತ ಎತ್ತರ ಇಲ್ಲ. ಕೇದಾರಕಾಂತ ಸುಮಾರು 3800 ಮೀಟರ್, ಎರಡು ಪಟ್ಟಿಗಿಂತ ಜಾಸ್ತಿ, ಡಿಸೆಂಬರಲ್ಲಿ ಟೆಂಟ್ ಹಾಕೋದು ಹಿಮದ ಮೇಲೆ, ರಾತ್ರಿ ಸೊನ್ನೆಯಿಂದ ಕೆಳಗೆ ಹೋಗೋದು ಖಾತ್ರಿ. ಅಲ್ಲಿಗೆ 2 ಡಿಗ್ರಿ ಕಂಫರ್ಟ್ ಬ್ಯಾಗ್ ಕಳಿಸ್ತೀರಲ್ಲಾ!

ಒಂದು ವಿಷಯ ಇಲ್ಲೀತನಕ ಯಾರ ಹತ್ರಾನೂ ಹೇಳ್ಕೊಂಡಿಲ್ಲ, ಇವತ್ತು ಹೇಳ್ಬಿಡ್ತೀನಿ. ಎಷ್ಟೋ ಕ್ಯಾಂಪುಗಳಲ್ಲಿ ನಾನು ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಪಕ್ಕದ ಟೆಂಟಲ್ಲಿ ಅದೇ ಕಂಪನಿ ಅದೇ ಮಾಡೆಲ್ ಬ್ಯಾಗಲ್ಲಿ ಗಂಡಸರು ಗೊರಕೆ ಹೊಡೀತಿದ್ರು, ನಾನು ಪಾದ ಉಜ್ಜಿಕೊಳ್ತಾ ಬೆಳಕು ಹರಿಯೋದನ್ನ ಕಾಯ್ತಿದ್ದೆ. ಬೆಳಿಗ್ಗೆ "ನಿದ್ದೆ ಬಂತಾ" ಅಂದ್ರೆ ಹೂಂ ಅಂತಿದ್ದೆ. ಕೊಡಗಿನವಳಾಗಿ ಚಳಿ ಅಂದ್ರೆ ಮಾನ ಹೋಗುತ್ತೆ ಅಂತ. ನನ್ನ ಮೈಯಲ್ಲೇ ಏನೋ ಕೊರತೆ ಇದೆ, ವಯಸ್ಸಾಯ್ತು, ರಕ್ತ ಕಡಿಮೆ, ಹೀಗೆ ಏನೇನೋ ಅಂದ್ಕೊಂಡು ವರ್ಷಗಟ್ಲೆ ಒಳಗೊಳಗೇ ಕೊರಗಿದೀನಿ. ಆ ಬ್ಯಾಗ್ ಮೇಲಿದ್ದ ನಂಬರ್ ಗಂಡಸಿನ ಮೈಗೆ ಲೆಕ್ಕ ಹಾಕಿದ್ದು ಅಂತ ಒಬ್ಬರಾದ್ರೂ ಹೇಳಿದ್ರೆ ಅಷ್ಟು ರಾತ್ರಿ ಅಷ್ಟು ಅವಮಾನ ನುಂಗ್ತಿರ್ಲಿಲ್ಲ. ಅದಕ್ಕೇ ಈ ಹುಡುಗಿ ಖುಷೀಲಿ ಬ್ಯಾಗ್ ಹಿಡ್ಕೊಂಡು ನಿಂತಿದ್ದು ನೋಡಿ ಹೊಟ್ಟೆ ಉರೀತು.

ಇನ್ನು ಆ ಮುಕ್ಕಾಲು ಕೇಜಿ. ಹಗುರ ಬೇಕು ಒಪ್ತೀನಿ, ಬೆನ್ನ ಮೇಲೆ ನಾವೇ ಹೊರೋದು, ಡೌನ್ ತಗೊಳ್ಳೋದೇ ಅದಕ್ಕೆ. ಆದ್ರೆ ಹಗುರ ಹೇಗೆ ಮಾಡಿದ್ರು ಅಂತ ಕೇಳ್ಬೇಕಲ್ವಾ. ಚೀಲದ ಮೇಲೆ "800 ಫಿಲ್ ಪವರ್" ಅಂತ ಮಿಂಚ್ತಿತ್ತು, ಒಳಗೆ ಎಷ್ಟು ಗ್ರಾಂ ಡೌನ್ ತುಂಬಿದ್ದಾರೆ ಅಂತ ಎಲ್ಲೂ ಇಲ್ಲ. ಫಿಲ್ ಪವರ್ ಅಂದ್ರೆ ಒಂದು ಔನ್ಸ್, ಅಂದ್ರೆ 28 ಗ್ರಾಂ ಚಿಲ್ರೆ ಡೌನ್ ಉಬ್ಬಿದ್ರೆ ಎಷ್ಟು ಘನ ಇಂಚು ಜಾಗ ತುಂಬುತ್ತೆ ಅನ್ನೋದು, ಅದು ಗುಣಮಟ್ಟ ಮಾತ್ರ. ನಾವು ಕಾಫಿ ಚೆರ್ರಿ ಮಾರೋವಾಗ ಓಟಿ (ಔಟ್‌ಟರ್ನ್, ಚೆರ್ರೀಲಿ ಸಿಗೋ ಬೀಜದ ಪ್ರಮಾಣ) ಎಷ್ಟು ಬಂತು ಅಂತಷ್ಟೇ ಕೇಳಿ ಮೂಟೆ ತೂಕ ಹಾಕ್ಸದೆ ದುಡ್ಡು ಇಸ್ಕೊಂಡು ಬರ್ತೀವಾ? ಎರಡೂ ಗುಣಿಸಿದ್ರೇನೇ ಲೆಕ್ಕ. ಇಲ್ಲೂ ಹಂಗೇ, 850 ಫಿಲ್ ಪವರಿನ 400 ಗ್ರಾಂ ಡೌನ್ ಕೊಡೋ ಉಬ್ಬು ಬೇಕಂದ್ರೆ 650ರದ್ದು 520 ಗ್ರಾಂ ಬೇಕು. ವ್ಯತ್ಯಾಸ ಬರೀ 120 ಗ್ರಾಂ! ಆ 120 ಗ್ರಾಂ ಹೊರೋಕೆ ರೆಡಿ ಇದ್ರೆ ಎಷ್ಟೋ ಸಾವಿರ ಉಳಿಯುತ್ತೆ, ಇದನ್ನ ಅಂಗಡಿಯವರು ಹೇಳಲ್ಲ.

ಬ್ಯಾಗನ್ನ ಕಿಟಕಿಗೆ ಅಡ್ಡ ಹಿಡಿದು ಅವಳಿಗೆ ತೋರಿಸ್ದೆ. ಹೊಲಿಗೆ ಇರೋ ಕಡೆಯೆಲ್ಲಾ ಬೆಳಕು ಗೆರೆಗೆರೆಯಾಗಿ ಈಚೆ ಬರ್ತಿತ್ತು, ಯಾಕಂದ್ರೆ ಮೇಲಿನ ಬಟ್ಟೆ ಕೆಳಗಿನ ಬಟ್ಟೆ ನೇರ ಸೇರಿಸಿ ಹೊಲಿದುಬಿಟ್ಟಿದ್ದಾರೆ, ಆ ಗೆರೆಯಲ್ಲಿ ಡೌನೇ ಇಲ್ಲ. ಎದೆ ಹತ್ರ ಒಂದು ಖಾನೆಯಲ್ಲಿ ಡೌನೆಲ್ಲಾ ಒಂದು ಮೂಲೆಗೆ ಸರಿದು ಬಟ್ಟೆ ಖಾಲಿ ಬಿದ್ದಿತ್ತು, ಬೆರಳಿಟ್ರೆ ಎರಡೂ ಪದರ ಒಂದಕ್ಕೊಂದು ತಾಗ್ತಿತ್ತು. ಚಳಿಗೆ ಮಾಡೋ ಬ್ಯಾಗಲ್ಲಿ ಎರಡು ಬಟ್ಟೆ ಮಧ್ಯೆ ಬಲೆ ಬಟ್ಟೆಯ ಗೋಡೆ ಕೊಟ್ಟು ಡಬ್ಬಿ ಥರ ಖಾನೆ ಮಾಡ್ತಾರೆ, ಆಗ ಹೊಲಿಗೆ ಜಾಗದಲ್ಲೂ ಡೌನ್ ಇರುತ್ತೆ. ಕುತ್ತಿಗೆ ಸುತ್ತ ಕಾಲರ್ ಇಲ್ಲ, ಜಿಪ್ ಹಿಂದೆ ಗಾಳಿ ತಡೆಯೋ ಪಟ್ಟಿ ಇಲ್ಲ. ಸೊಂಟದ ಹತ್ರ ಎಷ್ಟು ಬಿಗಿ ಅಂದ್ರೆ ಮಗ್ಗಲು ತಿರುಗಿದ್ರೆ ಡೌನ್ ಅಮುಕಿ ಅಲ್ಲೇ ಚಳಿ ಹೊಡೆಯುತ್ತೆ. ಹಗುರ ಬಂದಿರೋದು ಹೀಗೆ.

ಇಷ್ಟು ಹೇಳಿದ್ರೆ ಒಬ್ಬರು, ಇಲ್ಲೇ ಲಿಸ್ಟಲ್ಲಿ ಇದ್ದೀರ, "ಅಕ್ಕಾ, ಟ್ರೆಕ್ಕಿಂಗ್ ಕಂಪನಿಯವರೇ ಬ್ಯಾಗ್ ಕೊಡ್ತಾರೆ, ಯಾಕೆ ತಲೆ ಕೆಡಿಸ್ಕೊಳ್ತೀರಿ, ನಮ್ಮಜ್ಜಂದಿರು ಕಂಬಳಿ ಹೊದ್ದು ಕಾಡಲ್ಲಿ ಮಲಗ್ತಿರ್ಲಿಲ್ವಾ" ಅಂತಾರೆ. ಅಜ್ಜಂದಿರ ಪಕ್ಕ ರಾತ್ರಿಯಿಡೀ ಬೆಂಕಿ ಉರೀತಿತ್ತು, ಮಲಗ್ತಿದ್ದಿದ್ದು ನಮ್ಮ ಕಾಡಲ್ಲಿ, ಹಿಮದ ಮೇಲಲ್ಲ. ಕಂಪನಿಯವರು ಕೊಡೋದಾದ್ರೆ ಕೊಡ್ಲಿ, ಆ ಬ್ಯಾಗಿನ ಕಂಫರ್ಟ್ ಎಷ್ಟು ಅಂತ ಕೇಳಿ ನೋಡಿ, ಅಲ್ಲೂ "ಮೈನಸ್ 10 ಮೇಡಂ" ಅಂತಾನೇ ಉತ್ತರ. ಯಾವ ಮೈನಸ್ 10? ಯಾರ ಮೈಗೆ?

ಸಿಂಥೆಟಿಕ್ ಸಾಕಲ್ವಾ ಅನ್ನೋರ ಮಾತಿಗೆ ಅರ್ಧ ಒಪ್ತೀನಿ. ಒದ್ದೆಯಾದ್ರೆ ಡೌನ್ ಮುದ್ದೆಯಾಗಿ ಬೆಚ್ಚಗಿಡೋದೇ ಬಿಡುತ್ತೆ, ಸಿಂಥೆಟಿಕ್ ಸ್ವಲ್ಪ ಆದ್ರೂ ಕಾಪಾಡುತ್ತೆ. ನಮ್ಮ ಮಳೆ ಮಂಜಿಗೆ ಸಿಂಥೆಟಿಕ್ಕೇ ಸರಿ. ಆದ್ರೆ ಒಣ ಚಳಿಗೆ, ನಾವೇ ಹೊತ್ತು ನಡೆಯೋಕೆ, ಅಷ್ಟೇ ಬೆಚ್ಚಗಿರೋ ಸಿಂಥೆಟಿಕ್ ಬ್ಯಾಗಿನ ತೂಕ, ಗಾತ್ರ ಎರಡೂ ನೋಡಿ ಆಮೇಲೆ ಮಾತಾಡಿ.

ಕೊಡಗಲ್ಲಿ ಡೌನ್ ಇಟ್ಕೊಳ್ಳೋದು ಬೇರೆ ಕಷ್ಟ, ಅದನ್ನೂ ಅಂಗಡೀಲಿ ಹೇಳಲ್ಲ. ಕಕ್ಕಡದಲ್ಲಿ, ಅಂದ್ರೆ ಜೋರು ಮಳೆಯ ಆಟಿ ತಿಂಗಳಲ್ಲಿ, ಬೀರು ಒಳಗಿನ ಬೆಲ್ಟು ಚಪ್ಪಲಿಗೇ ಬೂಷ್ಟು ಬರೋ ಊರು ನಮ್ಮದು. ಆ ಸಣ್ಣ ಚೀಲದಲ್ಲೇ ಅಮುಕಿ ಇಟ್ರೆ ಡೌನ್ ಉಬ್ಬೋ ಶಕ್ತಿ ಕಳ್ಕೊಳ್ಳುತ್ತೆ, ಮೇಲೆ ಥಂಡಿ ಸೇರಿದ್ರೆ ವಾಸನೆ. ಲೇಬಲ್ ಮೇಲಿನ 2 ಡಿಗ್ರಿ ಹೊಸ, ಒಣ ಬ್ಯಾಗಿಗೆ, ಮೂರು ಮಳೆಗಾಲ ಹಾಗೇ ಇಟ್ರೆ ಅದೂ ಸುಳ್ಳಾಗುತ್ತೆ. ನಾನು ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ತುಂಬಿ ಅಡುಗೆಮನೆ ಒಲೆ ಗೋಡೆಯ ಆಚೆ ಕೋಣೇಲಿ ನೇತುಹಾಕ್ತೀನಿ, ಹೊಗೆ ತಾಗದ ಹಾಗೆ, ಬಿಸಿಲು ಕಂಡ ದಿನ ಬಿಚ್ಚಿ ಹರವ್ತೀನಿ. ತೊಳೆಯೋದು ಮಾರ್ಚಲ್ಲಿ ಮಾತ್ರ, ಹೂಮಳೆಗೆ ಮುಂಚೆ, ಡೌನ್‌ಗೆ ಅಂತಾನೇ ಇರೋ ಸೋಪಲ್ಲಿ, ಮಡಿಕೇರೀಲಿ ಡ್ರೈಯರ್ ಇರೋ ಗೆಳತಿ ಮನೇಲಿ ಕಡಿಮೆ ಬಿಸಿಗೆ ಟೆನಿಸ್ ಬಾಲ್ ಹಾಕಿ ಗಂಟೆಗಟ್ಲೆ ತಿರುಗಿಸಿ ಒಳಗಿನ ಗಂಟೆಲ್ಲಾ ಬಿಡೋ ತನಕ.

ಮ್ಯಾಟ್ ಬಗ್ಗೆ ಒಂದೇ ಮಾತು. ಬೆನ್ನ ಕೆಳಗೆ ಅಮುಕಿದ ಡೌನ್ ಏನೂ ಬೆಚ್ಚಗಿಡಲ್ಲ, ಹಿಮದ ಮೇಲೆ ಮಲಗೋದಾದ್ರೆ ಆರ್ ವ್ಯಾಲ್ಯೂ (ನೆಲದ ಚಳಿ ಎಷ್ಟು ತಡೆಯುತ್ತೆ ಅನ್ನೋ ಅಳತೆ) 5ರ ಹತ್ರ ಇರೋ ಮ್ಯಾಟ್ ತಗೊಳ್ಳಿ. ಹಾಗೇ ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಗುರುತು ಇರೋ ಡೌನ್ ತಗೊಳ್ಳಿ, ಜೀವ ಇರೋ ಹಕ್ಕಿ ಮೈಯಿಂದ ಪುಕ್ಕ ಕೀಳೋದಕ್ಕೆ ಆ ನಿಯಮದಲ್ಲಿ ಅವಕಾಶ ಇಲ್ಲ.

ನಾದಿನಿ ಮಗಳ ಬ್ಯಾಗ್ ವಾಪಸ್ ತಗೊಳ್ಳೋಕೆ ಮೊದಲು ಆಗಲ್ಲ ಅಂದ್ರು. ಆ ಒಳಗಿನ ಲೇಬಲ್ಲಿನ ಫೋಟೋ, ಅವರದ್ದೇ ವಾಟ್ಸಾಪ್ ಮೆಸೇಜು ಎರಡೂ ಪಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ಒಪ್ಕೊಂಡಿದ್ದಾರೆ. ಈಗ ಕಂಫರ್ಟ್ ಮೈನಸ್ 7 ಇರೋದು ನೋಡ್ತಿದ್ದಾಳೆ, ಒಂದು ಕೇಜಿಗಿಂತ ಸ್ವಲ್ಪ ಜಾಸ್ತಿ ಆಗುತ್ತೆ, ಆಗ್ಲಿ. ಈ ಚಳಿಗಾಲಕ್ಕೆ ಹೊರಟಿರೋರು ನಾಪೋಕ್ಲು ಕಡೆ ಯಾರಾದ್ರೂ ಇದ್ರೆ ದುಡ್ಡು ಕೊಡೋ ಮುಂಚೆ ಮನೆಗೆ ಬನ್ನಿ, ನನ್ನ ಹತ್ರ ಇರೋ ಎರಡು ಥರದ ಬ್ಯಾಗಲ್ಲೂ ಮಲಗಿ ನೋಡಿ. ಕಾಫಿ ಕೊಯ್ಲು ಶುರುವಾದ್ರೆ ನಂಗೆ ಪುರುಸೊತ್ತು ಸಿಗಲ್ಲ, ಪುತ್ತರಿ ಹಬ್ಬದ ಒಳಗೆ ಬನ್ನಿ, ಬರೋ ಮುಂಚೆ ಒಂದು ಮೆಸೇಜ್ ಹಾಕಿ.