ತಿಪ್ಪೆ ನಮಗೆ ಹೊಸದಲ್ಲ, ಪ್ಲಾಸ್ಟಿಕ್ಕಿಗೆ ದಾರಿ ಬೇಕು

ನನ್ನೂರು ಮೂಡಿಗೆರೆ ಕಡೆ. ಈಗ ಇರುವುದು ಕೇರಳದ ತ್ರಿಶೂರಿನ ಹತ್ತಿರದ ಒಂದು ಹಳ್ಳಿಯಲ್ಲಿ.

ಇಲ್ಲಿ ತಿಂಗಳಿಗೊಮ್ಮೆ ಹಸಿರು ಕೋಟು ತೊಟ್ಟ ಇಬ್ಬರು ಹೆಂಗಸರು ಗೇಟಿಗೆ ಬರುತ್ತಾರೆ. ಹರಿತ ಕರ್ಮ ಸೇನೆಯವರು, ಅಂದರೆ ಪಂಚಾಯಿತಿಗಾಗಿ ಮನೆಮನೆಯಿಂದ ಒಣ ಕಸ ಒಟ್ಟುಮಾಡುವ ಹೆಂಗಸರ ತಂಡ. ತೊಳೆದು ಒಣಗಿಸಿಟ್ಟ ಹಾಲಿನ ಕವರು, ಎಣ್ಣೆ ಪ್ಯಾಕೆಟ್ಟು, ಬಿಸ್ಕತ್ತಿನ ಪೊಟ್ಟಣ ಎಲ್ಲ ಅವರ ಕೈಗೆ ಕೊಟ್ಟು 50 ರೂಪಾಯಿ ಕೊಡುತ್ತೇವೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮುಂದಿನ ಮನೆಗೆ ಹೋಗುತ್ತಾರೆ. ಹಸಿ ಕಸ ಒಯ್ಯುವುದಿಲ್ಲ. ಅದು ನಮ್ಮ ಹಿತ್ತಲಿನಲ್ಲೇ ಗೊಬ್ಬರ ಆಗಬೇಕು. ಜಾಗ ಇಲ್ಲದವರು ನೆಲದಲ್ಲಿ ಪೈಪು ನೆಟ್ಟು, ಅದರೊಳಗೇ ಕೊಳೆಸುತ್ತಾರೆ.

ಕೇರಳದಲ್ಲಿ ಎಲ್ಲ ಸರಿ ಇದೆ ಅಂತ ಹೇಳುತ್ತಿಲ್ಲ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು, ಊರೆಲ್ಲ ಎಷ್ಟೋ ದಿನ ಹೊಗೆ ಕುಡಿಯಿತು.

ನಮ್ಮ ಮಲೆನಾಡಿಗೆ ಗೊಬ್ಬರ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. ಕೊಟ್ಟಿಗೆಗೆ ಸೊಪ್ಪು, ದರಗು (ಒಣಗಿ ಉದುರಿದ ಎಲೆ) ಹಾಸಿ, ಅದು ಸಗಣಿ ಗಂಜಲದಲ್ಲಿ ನೆಂದ ಮೇಲೆ ಗುಂಡಿಗೆ ಎಳೆದು ಹಾಕುತ್ತಿದ್ದೆವು. ಕಾಫಿ ಹಣ್ಣು ಸುಲಿಯುವ ಯಂತ್ರ ಪಲ್ಪರಿನಿಂದ ಬಂದ ಸಿಪ್ಪೆಯೂ ಅದರ ಜೊತೆ ಕೊಳೆತು ತೋಟಕ್ಕೇ ವಾಪಸ್ ಹೋಗುತ್ತಿತ್ತು. ದೀಪಾವಳಿಯಲ್ಲಿ ಅಜ್ಜಿ ಗೊಬ್ಬರದ ಗುಂಡಿಗೂ ಒಂದು ದೀಪ ಇಡುತ್ತಿದ್ದರು. ಈಗ ಅದೇ ಗುಂಡಿಯಲ್ಲಿ ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ. ಗೊಬ್ಬರ ಎತ್ತಿದಾಗ ಅವೂ ಕಾಫಿ ಬುಡಕ್ಕೆ ಬೀಳುತ್ತವೆ.

ಇನ್ನೂ ಸಂಕಟ ಆಗುವುದು ಬಚ್ಚಲ ಒಲೆ ನೋಡಿದಾಗ. ಮಳೆಗಾಲದಲ್ಲಿ ಸೌದೆ ಹಸಿ. ಬೇಗ ಹತ್ತಲಿ ಅಂತ ಒಂದು ಹಿಡಿ ಪ್ಲಾಸ್ಟಿಕ್ ತುರುಕುತ್ತಾರೆ. ಆ ಹೊಗೆ ಕುಡಿಯುವವರು ಮನೆಯ ಹೆಂಗಸರೇ. ಬೂದಿ ಮತ್ತೆ ತರಕಾರಿ ಮಡಿಗೆ. ಸುಡದೆ ಉಳಿದದ್ದು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ನಮ್ಮ ತಾಲ್ಲೂಕಿನಲ್ಲಿ ಹುಟ್ಟುವ ನದಿ ಅದು. ಸಕಲೇಶಪುರ, ಗೊರೂರಿನವರಿಗೆ ನಾವು ಇದನ್ನಾ ಕಳಿಸುವುದು?

ನಮ್ಮಲ್ಲೂ ಪಂಚಾಯಿತಿಗಳ ಕಸದ ಗಾಡಿ ಇವೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ, ನೋಡಿದರೆ ಹೆಮ್ಮೆ ಆಗುತ್ತದೆ. ಆದರೆ ಮನೆಗಳು ದೂರ ದೂರ. ಗುಡ್ಡದ ಮೇಲಿನ ಒಂಟಿ ಮನೆಗೆ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಗಾಡಿ ದಿನಾ ಹೋಗಲು ಆಗುವುದಿಲ್ಲ. ದಿನಾ ಹೋಗುವುದು ಬೇಕಾಗಿಯೂ ಇಲ್ಲ, ಅಲ್ವಾ? ಹಸಿ ಕಸ ಗುಂಡಿಯಲ್ಲೇ ಉಳಿದರೆ, ಒಣಗಿದ ಪ್ಲಾಸ್ಟಿಕ್ ನಾರುವುದಿಲ್ಲ, ಹುಳ ಬೀಳುವುದಿಲ್ಲ. ತಿಂಗಳಿಗೊಮ್ಮೆ, ಇಂಥದ್ದೇ ದಿನ ಅಂತ ಗಾಡಿ ಎಸ್ಟೇಟ್ ಗೇಟಿಗೋ ಬಸ್ ಸ್ಟಾಪಿಗೋ ಬಂದರೆ ಸಾಕು. ಆ ದಿನ ಮಾತ್ರ ತಪ್ಪಬಾರದು. ತಿಂಗಳಿಗೆ 50 ರೂಪಾಯಿ ಕೊಡಲು ನಾವೂ ಹಿಂದೆಮುಂದೆ ನೋಡಬಾರದು. ಅದು ಆ ಹೆಣ್ಣುಮಕ್ಕಳ ದುಡಿಮೆಯ ಹಣ.

ಹೋದ ಸಲ ಊರಿಗೆ ಹೋದಾಗ ಇದನ್ನೆಲ್ಲ ಅತ್ತಿಗೆಗೆ ಹೇಳಿ ಬಂದಿದ್ದೆ. ಮೊನ್ನೆ ಫೋನ್ ಮಾಡಿದ್ದರು. ಕವರುಗಳನ್ನು ತೊಳೆದು ಅಟ್ಟದ ಮೇಲೆ ಒಣಗಿಸಿದ್ದಾರಂತೆ. ಎರಡು ಗೋಣಿಚೀಲ ತುಂಬಿವೆ. "ಇದನ್ನ ಈಗ ಯಾರಿಗೆ ಕೊಡೋದು?" ಅಂತ ಕೇಳಿದರು.